ಪಾಟಿ ಫೋನಿನ ಎರಡು ಮಿಸ್ ಕಾಲ್

ದೆವ್ವ, ಪೀಡೆ, ಶಕುನ, ಕನಸಿನಲ್ಲಿ ಬಂದು ಎಚ್ಚರಿಕೆ ಕೊಡುವ ಹಿರಿಯರು, ಇವುಗಳಲ್ಲಿ ನನಗೆ ಯಾವತ್ತೂ ನಂಬಿಕೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ನೀವು ನನ್ನನ್ನೂ ಆ ಗುಂಪಿಗೆ ಸೇರಿಸಿಬಿಡಬಹುದು. ಸಿರುಗುಪ್ಪದಲ್ಲಿ ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ, ಇಂಥ ಕಥೆಗಳ ದೊಡ್ಡ ವ್ಯಾಪಾರಿ. ಹೊಳೆಯ ದಂಡೆಯಲ್ಲಿ ಹೆಸರು ಹಿಡಿದು ಕರೆದವರು, ತಿರುಗಿ ನೋಡಿದರೆ ಇಲ್ಲದವರು, ಎಲ್ಲರೂ ಅವಳಿಗೆ ಪರಿಚಯ. ನಾನು ಅವಳ ಎದುರಿಗೇ ನಗುತ್ತಿದ್ದೆ. "ನಿನಗ ಅನುಭವಕ್ಕ ಬಂದಿಲ್ಲಲೇ, ಅದಕ್ಕ ಹಲ್ಲು ಕಿಸೀತಿ" ಎಂದು ಅವಳು ಬೈಯುತ್ತಿದ್ದಳು. ಬೈಸಿಕೊಂಡು ಅವಳು ಕೊಟ್ಟ ಮಂಡಕ್ಕಿ ಒಗ್ಗರಣೆ ತಿಂದು ಬರುತ್ತಿದ್ದೆ.

ಅದು ಗಣಿಯ ಧೂಳು ಬಳ್ಳಾರಿಯ ಮೇಲೆ ರಾಜ್ಯಭಾರ ಮಾಡುತ್ತಿದ್ದ ಕಾಲ. ಒಗೆದು ಒಣಹಾಕಿದ ಬಿಳಿ ಬನಿಯನ್ ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ನಿನ್ನೆಯವರೆಗೆ ಸೈಕಲ್ ತುಳಿಯುತ್ತಿದ್ದವರು ಇದ್ದಕ್ಕಿದ್ದಂತೆ ಕಾರಿನ ಕಿಟಕಿ ಇಳಿಸಿ ಮಾತಾಡಿಸುತ್ತಿದ್ದರು. ಅಂಥವರಿಗೆ ಫೋನೆಂದರೆ ಅಂಗಿ ಇದ್ದ ಹಾಗೆ, ಹೊಸದು ಬಂತೆಂದರೆ ಹಳೆಯದನ್ನು ಬಿಚ್ಚಿ ಎಸೆಯುವುದೇ. ಅವರು ಎಸೆದದ್ದೆಲ್ಲ ಬ್ರೂಸ್‌ಪೇಟೆಯ ಒಂದು ಓಣಿಗೆ ಬಂದು ಬೀಳುತ್ತಿತ್ತು. ಅಲ್ಲಿ ನನ್ನ ಗೆಳೆಯ ರಫೀಕನ ಸೆಕೆಂಡ್ ಹ್ಯಾಂಡ್ ಫೋನಿನ ಅಂಗಡಿ ಇತ್ತು. ನನ್ನಂಥವರು ಶ್ರೀಮಂತಿಕೆಯ ರುಚಿ ನೋಡುತ್ತಿದ್ದದ್ದು ಆ ಓಣಿಯಲ್ಲೇ.

ನಾನು ಜೀನ್ಸ್ ಪ್ಯಾಂಟ್ ಹೊಲಿಯುವ ಒಂದು ಯುನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ನಮ್ಮದು ಮೂಲತಃ ಸಿರುಗುಪ್ಪ. ಅಪ್ಪ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಮನೆಯಲ್ಲಿ ನಮಾಜು ಅರಬ್ಬಿಯಲ್ಲಿ, ಜಗಳ ಕನ್ನಡದಲ್ಲಿ. ಅಪ್ಪ ತೀರಿಕೊಂಡ ಮೇಲೆ ಅವ್ವ ಬಳ್ಳಾರಿಗೆ ಬಂದು ಸತ್ಯನಾರಾಯಣಪೇಟೆಯ ಬಾಡಿಗೆ ಮನೆಯಲ್ಲಿ ನನ್ನ ಜೊತೆಯೇ ಇದ್ದಳು. ನನಗೆ ಒಬ್ಬನೇ ತಮ್ಮ, ಮೌಲಾ. ಕುರುಗೋಡಿನ ಹುಡುಗಿ ಶಮೀನಾಳನ್ನು ಮದುವೆಯಾಗಿ ಅಲ್ಲೇ ಮನೆ ಮಾಡಿಕೊಂಡು, ಅದಿರು ಸಾಗಿಸುವ ಟಿಪ್ಪರ್ ಓಡಿಸುತ್ತಿದ್ದ. ಗಾಡಿ ಯಾರದೋ, ಆದರೆ ಮಾಲೀಕನನ್ನು ಕಾಡಿ ಬೇಡಿ ಮುಂದಿನ ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಅವ್ವ' ಎಂದು ಬರೆಸಿದ್ದ.

ಆಗ ಆ ರಸ್ತೆಗಳಲ್ಲಿ ಲಾರಿ ಓಡಿಸುವುದೆಂದರೆ ಮನೆಯವರ ಜೀವ ಕೈಯಲ್ಲೇ ಇರುತ್ತಿತ್ತು. ಮೇಲಿಂದ ಮೇಲೆ ಎಲ್ಲೋ ಒಂದು ಕಡೆ ಗಾಡಿ ಮಗುಚಿದ ಸುದ್ದಿ. ಅದಕ್ಕೆ ಅವ್ವ ಒಂದು ಕಟ್ಟಳೆ ಮಾಡಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಮಿಸ್ ಕಾಲಿನ ಭಾಷೆ ಚೆನ್ನಾಗಿ ಬರುತ್ತಿತ್ತು. ಒಂದು ಮಿಸ್ ಕಾಲ್ ಎಂದರೆ 'ಸುಖವಾಗಿ ಮುಟ್ಟಿದೆ'. ಮೌಲಾ ಗಾಡಿ ಖಾಲಿ ಮಾಡಿದ ಕೂಡಲೇ ನನಗೆ ಒಂದು ಕೊಡುತ್ತಿದ್ದ, ಅವ್ವನಿಗೆ ಹೇಳಿದರೆ ಅವಳು ಊಟಕ್ಕೆ ಕೂರುತ್ತಿದ್ದಳು. ಬೆನ್ನು ಬೆನ್ನಿಗೆ ಎರಡು ಮಿಸ್ ಕಾಲ್ ಎಂದರೆ 'ಇದ್ದದ್ದನ್ನು ಇದ್ದಲ್ಲೇ ಬಿಡು, ಮೊದಲು ಮನೆಗೆ ಮಾತಾಡು'. ಆ ಎರಡನ್ನು ನಾನು ಕೊಟ್ಟಿದ್ದು ಒಂದೇ ಸಲ, ಅಪ್ಪ ಹೋದ ದಿನ. ಆಮೇಲೆ ನಮ್ಮ ಮನೆಯಲ್ಲಿ ಯಾರೂ ತಪ್ಪಿಯೂ ಎರಡು ಮಿಸ್ ಕಾಲ್ ಕೊಡುತ್ತಿರಲಿಲ್ಲ. ಒಮ್ಮೆ ಕೊಟ್ಟದ್ದು ಮುಟ್ಟಲಿಲ್ಲವೆಂದರೆ ಮತ್ತೆ ಕೊಡಲು ಬಹಳ ಹೊತ್ತು ಕಾಯುತ್ತಿದ್ದೆವು.

ಆ ದಿನ ಮಧ್ಯಾಹ್ನ ಯುನಿಟ್ಟಿನಲ್ಲಿ ಕರೆಂಟ್ ಹೋಯಿತು. ಕುಡತಿನಿಯಲ್ಲಿ ಅಷ್ಟು ದೊಡ್ಡ ವಿದ್ಯುತ್ ಸ್ಥಾವರ ಹೊಗೆ ಬಿಡುತ್ತ ನಿಂತಿದ್ದರೂ ನಮಗೆ ಕರೆಂಟ್ ಇರುತ್ತಿರಲಿಲ್ಲ, ಅದು ಬೇರೆ ವಿಚಿತ್ರ. ನಾನು ನೇರ ರಫೀಕನ ಅಂಗಡಿಗೆ ಹೋದೆ. ಬಹಳ ದಿನದಿಂದ ಅಲ್ಲಿನ ಗಾಜಿನ ಪೆಟ್ಟಿಗೆಯಲ್ಲಿದ್ದ ಒಂದು ಫೋನಿನ ಮೇಲೆ ಕಣ್ಣಿಟ್ಟಿದ್ದೆ. ಅಂದು ಕೊಂಡೇಬಿಟ್ಟೆ.

ಆ ಫೋನಿನ ಬಗ್ಗೆ ಸ್ವಲ್ಪ ಹೇಳಬೇಕು. ಈಗಿನವರಿಗೆ ಅದು ಏನೂ ಅಲ್ಲ. ಆಗ ಎಲ್ಲರ ಕೈಯಲ್ಲೂ ಗುಂಡಿ ಒತ್ತುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಫೋನು. ಇದಕ್ಕೆ ಗುಂಡಿಯೇ ಇಲ್ಲ, ಇಡೀ ಮೈಯೇ ಗಾಜು. ಕೈಗೆತ್ತಿಕೊಂಡಾಗ ನನಗೆ ಮೊದಲು ನೆನಪಾದದ್ದು ಸಿರುಗುಪ್ಪದ ಸಾಲೆಯಲ್ಲಿ ನಾನು ಬರೆಯುತ್ತಿದ್ದ ಪಾಟಿ. ಅದೇ ತಣ್ಣನೆಯ ಭಾರ. ಕಿವಿಗೆ ಹಿಡಿದರೆ ಅರ್ಧ ಮುಖ ಮುಚ್ಚುತ್ತಿತ್ತು. "ನಿನ್ನಂಥ ಮುಖಕ್ಕ ಇದು ಚಲೋನ ಐತಿ" ಎಂದ ರಫೀಕ್. ಒಂದು ಮೂಲೆ ಜಜ್ಜಿಹೋಗಿತ್ತು. ಮೊದಲಿನ ಒಡೆಯನ ಅತ್ತರಿನ ವಾಸನೆ ಇನ್ನೂ ಇತ್ತು. ಧ್ವನಿ ಬರುವ ಸಣ್ಣ ತೂತುಗಳಲ್ಲಿ ಕೆಂಪು ಧೂಳು ಕೂತಿತ್ತು. ಸೂಜಿಯಿಂದ ಕೆದಕಿದರೂ ಪೂರ್ತಿ ಹೋಗಲಿಲ್ಲ. ಹಿಡಿಸುವ ಜೇಬಂತೂ ನನ್ನ ಯಾವ ಪ್ಯಾಂಟಿಗೂ ಇರಲಿಲ್ಲ. ಪರವಾಗಿಲ್ಲ, ನಾನೇ ಕಟಿಂಗ್ ಮಾಸ್ಟರ್, ನಾಳೆಯೇ ಒಂದು ದೊಡ್ಡ ಜೇಬು ಇಡಿಸಿಕೊಳ್ಳುತ್ತೇನೆ ಎಂದುಕೊಂಡೆ.

ರಫೀಕ್ ನನ್ನ ಹಳೆಯ ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಬ್ಲೂಟೂತಿನಲ್ಲಿ ಹೊಸದಕ್ಕೆ ದಾಟಿಸಿದ. ಹಳೆಯದನ್ನು ಅವನಿಗೇ ಬಿಟ್ಟುಕೊಟ್ಟೆ. ಉಳಿದದ್ದು ಸಿಮ್. ಆ ಫೋನಿಗೆ ಚಿಕ್ಕ ಸಿಮ್ ಬೇಕಿತ್ತು, ನಮ್ಮೆಲ್ಲರದೂ ಆಗ ದೊಡ್ಡ ಸಿಮ್. ಅಂಗಡಿಯವರು ಅದನ್ನು ಅಳತೆ ಹಿಡಿದು ಕತ್ತರಿಸಿ ಕೂರಿಸುತ್ತಿದ್ದರು. ರಫೀಕ್ ಕತ್ತರಿ ತೆಗೆದ. ಅವನು ಕತ್ತರಿ ಹಿಡಿದ ರೀತಿ ನೋಡಿಯೇ ನನಗೆ ಸಂಕಟವಾಯಿತು. ಇಡೀ ದಿನ ಥಾನುಗಟ್ಟಲೆ ಬಟ್ಟೆ ಕತ್ತರಿಸುವವನ ಎದುರಿಗೆ ಇನ್ನೊಬ್ಬ ಕತ್ತರಿ ಹಿಡಿಯುವುದೆಂದರೇನು? "ತಾ ಇಲ್ಲಿ" ಎಂದು ಕಸಿದುಕೊಂಡೆ.

ಕೈಗೆ ರೂಢಿಯಾಗಿದ್ದಂತೆ ಗೆರೆಯ ಆಚೆ ಹೊಲಿಗೆಗೆಂದು ಮಾರ್ಜಿನ್ ಬಿಟ್ಟು ಕತ್ತರಿಸಿದೆ! ಸಿಮ್ಮಿಗೆ ಎಲ್ಲಿಯ ಹೊಲಿಗೆ? ಕೂರಲಿಲ್ಲ. ಇನ್ನೊಂದು ಎಳೆ ತೆಗೆದೆ, ಓರೆಯಾಯಿತು. ಓರೆ ಸರಿಮಾಡಲು ಹೋಗಿ ಚಿಪ್ ಇರುವ ಆ ಹಳದಿ ತಗಡನ್ನೇ ಕತ್ತರಿಸಿಬಿಟ್ಟೆ. ಸಿಮ್ ಎರಡು ತುಂಡಾಗಿ ಗಾಜಿನ ಮೇಲೆ ಬಿತ್ತು. ರಫೀಕ್ ತಲೆ ತಲೆ ಚಚ್ಚಿಕೊಂಡ. "ಮಾಸ್ಟರ್ ಅಂತ ಮಾಸ್ಟರ್! ಇದಕ್ಕೇನು ಪ್ಯಾಚ್ ಹಚ್ಚತೀಯೇನು? ಇನ್ನ ನಾಳೆ ಡೂಪ್ಲಿಕೇಟ್ ಸಿಮ್ ತಗೋಬೇಕು, ಅಲ್ಲಿತನಕ ನಿನ್ನ ಪಾಟಿ ಮ್ಯಾಲ ಅ ಆ ಇ ಈ ಬರಿ."

ಅಷ್ಟರಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಶುರುವಾಯಿತು. ರಫೀಕ್ ಟೋಪಿ ಹಾಕಿಕೊಂಡು, "ನೀ ಬರೀ ಶುಕ್ರವಾರದ ಗಿರಾಕಿ, ಕುಂದ್ರು, ಅಂಗಡಿ ನೋಡ್ಕೋ" ಎಂದು ಹೋದ. ನಾನು ಸ್ಟೂಲಿನ ಮೇಲೆ ಕೂತು ಫೋನಿನ ಜೊತೆ ಆಟ ಶುರುಮಾಡಿದೆ. ಕತ್ತರಿ ಹಿಡಿದು ಹಿಡಿದು ನನ್ನ ಬೆರಳು ಗಂಟುಗಟ್ಟಿವೆ. ಗಾಜಿಗೆ ನನ್ನ ಬೆರಳಿನ ಗುರುತೇ ಹತ್ತುತ್ತಿರಲಿಲ್ಲ. ಒಂದು ಮುಟ್ಟಿದರೆ ಇನ್ನೊಂದು ತೆರೆಯುತ್ತಿತ್ತು. ಹೆಸರುಗಳು ಸರಸರ ಮೇಲಕ್ಕೆ ಹಾರುತ್ತಿದ್ದವು. ಮೌಲಾನ ಹೆಸರು ಬಂದಾಗ ನಿಲ್ಲಿಸಿದೆ. ಅಷ್ಟು ದೊಡ್ಡ ಅಕ್ಷರದಲ್ಲಿ ತಮ್ಮನ ಹೆಸರು ನೋಡಿ ಯಾಕೋ ಖುಷಿಯಾಯಿತು. ಫೋನ್ ಮಾಡುವುದನ್ನು ಕಲಿಯೋಣ ಎಂದು ಒತ್ತಿದೆ. ಹೆಸರು ಒಂದು ಕ್ಷಣ ಇಡೀ ಗಾಜನ್ನು ತುಂಬಿ ಮಾಯವಾಯಿತು. ಸಿಮ್ ಇಲ್ಲ ಎಂದು ಇಂಗ್ಲಿಷಿನಲ್ಲಿ ತೋರಿಸಿತು. ಬೆರಳು ಸರಿಯಾಗಿ ಬಿತ್ತೋ ಇಲ್ಲವೋ ಎಂದು ಇನ್ನೊಮ್ಮೆ ಒತ್ತಿದೆ. ಮತ್ತೆ ಅದೇ. ಅಜಾನ್ ಇನ್ನೂ ಮುಗಿದಿರಲಿಲ್ಲ. ಸಿಮ್ಮಿನ ತುಂಡುಗಳು ನನ್ನ ಕಣ್ಣೆದುರಿಗೇ ಗಾಜಿನ ಮೇಲೆ ಬಿದ್ದಿದ್ದವು. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು, ನಾನಂತೂ ಮರೆತಿಲ್ಲ.

ರಫೀಕ್ ತಿರುಗಿ ಬಂದಾಗ ಅವನ ಮುಖ ಸರಿ ಇರಲಿಲ್ಲ. ಚಪ್ಪಲಿಯನ್ನೂ ನೆಟ್ಟಗೆ ಹಾಕಿಕೊಂಡಿರಲಿಲ್ಲ.

"ಮೌಲಾ ಇವತ್ತು ಯಾವ ಕಡಿ ಹೋಗ್ಯಾನ?" ಎಂದ.

"ಕುಡತಿನಿ ಕಡಿ ಇರಬೇಕು. ಯಾಕ?"

"ಮಸೀದ್ಯಾಗ ಒಬ್ಬಂವಗ ಫೋನ್ ಬಂತು, ಅಲ್ಲಿ ಗಾಡಿ ಗಾಡಿ ಡಿಕ್ಕಿ ಆಗ್ಯಾವಂತ. ಒಂದು ಟಿಪ್ಪರ್ ಕ್ಯಾಬಿನ್ ಪೂರಾ ಹೋಗೇತಂತ." ಸ್ವಲ್ಪ ತಡೆದು ನೆಲ ನೋಡುತ್ತ ಹೇಳಿದ, "ಗ್ಲಾಸಿನ ಮ್ಯಾಲ 'ಅವ್ವ' ಅಂತ ಬರದೈತಂತ."

ಆಮೇಲೆ ನಾನು ಏನು ಮಾಡಿದೆ ಎಂಬುದು ನನಗಿಂತ ರಫೀಕನಿಗೇ ಚೆನ್ನಾಗಿ ನೆನಪಿದೆ. ತಮ್ಮನ ನಂಬರ್ ಬಾಯಿಗೆ ಬರಲಿಲ್ಲವಂತೆ. ಆ ದೊಡ್ಡ ಫೋನಿನಲ್ಲಿ ನೋಡಿ ಓದಲು ಹೋದರೆ ಬೆರಳು ತಪ್ಪಿ ಬೇರೆ ಯಾರದೋ ಹೆಸರು ತೆರೆಯುತ್ತಿತ್ತಂತೆ. ಕೊನೆಗೆ ರಫೀಕನೇ ಹುಡುಕಿ ತನ್ನ ಫೋನಿನಿಂದ ಮಾಡಿದ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಫೋನ್ ಕಂಪನಿಯ ರೆಕಾರ್ಡಿನ ಹೆಣ್ಣುಮಗಳು ಹೇಳಿದಳು. ಮತ್ತೆ ಮಾಡಿದರೂ ಅದನ್ನೇ ಹೇಳಿದಳು. ಆ ದನಿ ಎಷ್ಟು ನಯವಾಗಿತ್ತೆಂದರೆ ನನಗೆ ಅವಳ ಮೇಲೆ ಕೊಲ್ಲುವಷ್ಟು ಸಿಟ್ಟು ಬಂತು.

ರಫೀಕ್ ಶಟರ್ ಎಳೆದು ಬೈಕ್ ತೆಗೆದ. ಮನೆಗೆ ಹೇಳಿ ಹೋಗೋಣವೇ ಎಂದು ಕೇಳಿದ, ಬೇಡ ಎಂದೆ. ಅವ್ವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಶಮೀನಾಳಿಗೆ ಯಾರು ಹೇಳುವುದು, ಅವರ ಎರಡು ವರ್ಷದ ಕೂಸಿಗೆ ಏನು ಹೇಳುವುದು, ಎಂದು ಮನಸ್ಸು ಎಲ್ಲೆಲ್ಲಿಗೋ ಓಡಿತು. ಸಿಮ್ಮಿನ ತುಂಡುಗಳನ್ನು ಯಾಕೋ ಅಂಗಿಯ ಜೇಬಿಗೆ ಹಾಕಿಕೊಂಡಿದ್ದೆ. ಫೋನನ್ನು ದಾರಿಯುದ್ದಕ್ಕೂ ಕೈಯಲ್ಲೇ ಹಿಡಿದಿದ್ದೆ. ಎಸೆದುಬಿಡಬೇಕೆನಿಸುತ್ತಿತ್ತು. ಇದನ್ನು ಕೊಳ್ಳುವ ಚಪಲವಿಲ್ಲದಿದ್ದರೆ ನನ್ನ ಹಳೆಯ ಫೋನು ಕೈಯಲ್ಲಿರುತ್ತಿತ್ತು, ಸಾಯುವ ಮುಂಚೆ ತಮ್ಮ ಒಂದು ಮಾತಾದರೂ ಆಡುತ್ತಿದ್ದನೇನೋ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಕುಡತಿನಿ ಇನ್ನೂ ದೂರ ಇರುವಾಗಲೇ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಬೈಕೂ ನುಸುಳಲಿಲ್ಲ. ಇಳಿದು ನಡೆದೆವು. ಇಳಿಬಿಸಿಲಿನಲ್ಲಿ ಧೂಳು ಇನ್ನಷ್ಟು ಕೆಂಪಗೆ ಕಾಣುತ್ತಿತ್ತು. ಗುಂಪಿನ ನಡುವೆ ತಲೆ ತೂರಿಸಿದಾಗ ಮೊದಲು ಕಂಡದ್ದು ಆ ಬರಹ. 'ಅವ್ವ' ಎನ್ನುವುದರಲ್ಲಿ 'ಅ' ಮಾತ್ರ ಉಳಿದಿತ್ತು. ಕ್ಯಾಬಿನ್ ಹಪ್ಪಳದಂತೆ ಹಿಂದಕ್ಕೆ ಮಡಚಿಹೋಗಿತ್ತು. ಸೀಟು ಇರಬೇಕಾದ ಕಡೆ ಎದುರಿನ ಲಾರಿಯ ಮೂತಿ ಇತ್ತು. ರಫೀಕ್ ನನ್ನ ರಟ್ಟೆ ಹಿಡಿದುಕೊಂಡ.

"ಡ್ರೈವರ್ ಎಲ್ರೀ?" ಎಂದು ಅವನೇ ಯಾರನ್ನೋ ಕೇಳಿದ.

"ಅಲ್ಲಿ ಚಾ ಅಂಗಡ್ಯಾಗ ಕುಂತಾನ ನೋಡ್ರಿ. ಏನೂ ಆಗಿಲ್ಲ ಅಂವಗ, ಆದ್ರ ಒಂದ ಸಮ ಅಳಾಕ ಹತ್ಯಾನ."

ಚಹಾ ಅಂಗಡಿಯ ಬೆಂಚಿನ ಮೇಲೆ ಮೌಲಾ ಕೂತಿದ್ದ. ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಭುಜ ಅಲುಗಿಸುತ್ತ ಅಳುತ್ತಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲ. ನಾನು ಓಡಿಹೋಗಿ ಅವನನ್ನು ತಬ್ಬಿಕೊಂಡೆ. ತಲೆ, ಬೆನ್ನು, ಕೈ, ಎಲ್ಲ ಮುಟ್ಟಿ ಮುಟ್ಟಿ ನೋಡಿದೆ. ಅವನು ನನ್ನ ಎದೆಯಲ್ಲಿ ಮುಖ ಇಟ್ಟು ಇನ್ನೂ ಜೋರಾಗಿ ಅತ್ತ.

"ಅಣ್ಣಾ, ಯಾವಾಗ ಹೋದ್ಲಣ್ಣ? ನಾ ಬರೂತನಕ ಮಣ್ಣು ಮಾಡದ ಇಟ್ಟೀರಿಲ್ಲ?"

"ಯಾರು?"

"ಅವ್ವ!"

"ಅವ್ವ ಎಲ್ಲಿಗೆ ಹೋಗ್ಯಾಳಲೇ? ಮನಿಯಾಗ ಜ್ವಾಳ ಹಸನ ಮಾಡಾಕ ಹತ್ಯಾಳ. ನಾ ನಿನ್ನ ಸಲುವಾಗಿ ಅಳಾಕ ಹತ್ತೀನಿ!"

ಅವನು ಮುಖ ಎತ್ತಿ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಆಮೇಲೆ ಇಬ್ಬರಿಗೂ ಒಟ್ಟಿಗೆ ನಗು ಬಂತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಹೊಟ್ಟೆ ಹಿಡಿದುಕೊಂಡು ನಗು. ಅಷ್ಟು ಹಗುರಾಗಿ ನಾನು ಅದಕ್ಕೂ ಮೊದಲು ನಕ್ಕಿರಲಿಲ್ಲ, ಆಮೇಲೂ ನಕ್ಕಿಲ್ಲ. ಜನ ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಅಂಗಡಿಯವ ಕೇಳದೆಯೇ ಚಹಾ ತಂದಿಟ್ಟ.

ನಗು ಇಳಿದ ಮೇಲೆ ಮೌಲಾ ಕೇಳಿದ, "ಮತ್ತ ನೀ ಯಾಕ ಎರಡು ಮಿಸ್ ಕಾಲ್ ಕೊಟ್ಟಿ? ಜೀವ ಹೋದಂಗ ಆತು ನನಗ."

ಅವನು ಹೇಳಿದ್ದು ಇಷ್ಟು. ಗಾಡಿ ಓಡಿಸುತ್ತಿದ್ದಾಗ ಫೋನ್ ಒಂದು ಸಲ ಬಡಿದು ನಿಂತಿತು. ಅಣ್ಣ ಎಂದು ನೋಡಿ ಸುಮ್ಮನಾದ. ಕೂಡಲೇ ಇನ್ನೊಂದು ಸಲ ಬಡಿದು ನಿಂತಿತು. ಅಪ್ಪ ಹೋದಾಗಿನ ಲೆಕ್ಕವೇ ಅವನ ತಲೆಯಲ್ಲಿ. ಗಾಡಿಯನ್ನು ಪಕ್ಕಕ್ಕೆ ಹಾಕಿ, ಫೋನಿನಲ್ಲಿ ಬ್ಯಾಲೆನ್ಸ್ ಇಲ್ಲದ್ದರಿಂದ ಚಹಾ ಅಂಗಡಿಯ ಕಾಯಿನ್ ಫೋನಿಗೆ ಓಡಿ ಬಂದ. ನನ್ನ ನಂಬರ್ ಸ್ವಿಚ್ ಆಫ್. ಇನ್ನೊಂದು ನಾಣ್ಯ ಹಾಕುವಷ್ಟರಲ್ಲಿ ಹಿಂದಿನಿಂದ ಸದ್ದು. ಎದುರಿನಿಂದ ಬಂದ ಲಾರಿ ಇನ್ನೊಂದನ್ನು ಹಿಂದೆ ಹಾಕಲು ಹೋಗಿ, ಹತೋಟಿ ತಪ್ಪಿ, ನಿಂತಿದ್ದ ಟಿಪ್ಪರಿನ ಮೂತಿಗೆ ನುಗ್ಗಿತ್ತು. ಆ ಲಾರಿಯ ಡ್ರೈವರಿಗೆ ಕಾಲು ಮುರಿದಿತ್ತು, ಜೀವಕ್ಕೇನೂ ಆಗಲಿಲ್ಲ. ಮಾಲೀಕ ಬರುವವರೆಗೆ ಹೋಗಬೇಡ ಎಂದು ಪೊಲೀಸರು ಮೌಲಾನನ್ನು ಕೂರಿಸಿದ್ದರು. ಫೋನು ಹತ್ತುತ್ತಿರಲಿಲ್ಲ, ರಸ್ತೆ ಬಿಡುತ್ತಿರಲಿಲ್ಲ. ಅವನು ಅಲ್ಲೇ ಕೂತು ಅವ್ವನಿಗಾಗಿ ಅಳುತ್ತಿದ್ದ.

"ನಾ ಮಿಸ್ ಕಾಲ್ ಕೊಟ್ಟಿಲ್ಲಲೇ" ಎಂದೆ. ಅವನು ತನ್ನ ಸಣ್ಣ ಫೋನು ತೆಗೆದು ತೋರಿಸಿದ. ನನ್ನದೇ ಹೆಸರು, ಎರಡು ಸಲ.

"ಯಾವ ಹೊತ್ತಿನ್ಯಾಗ ಬಂತು?" ಎಂದು ರಫೀಕ್ ಕೇಳಿದ. ಅವನ ದನಿ ಸಣ್ಣಗಾಗಿತ್ತು.

"ಅಸರ್ ಅಜಾನ್ ಆಗಾಕ ಹತ್ತಿತ್ತು. ಮಸೀದಿ ಮೈಕ್ ಕೇಳ್ತಿತ್ತು ನನಗ."

ನಾನು ಜೇಬಿನಿಂದ ಸಿಮ್ಮಿನ ತುಂಡುಗಳನ್ನು ತೆಗೆದು ಬೆಂಚಿನ ಮೇಲಿಟ್ಟೆ. ಏನು ನಡೆಯಿತೆಂದು ಹೇಳಿದೆ. ಮೌಲಾ ಅವನ್ನು ಒಂದಕ್ಕೊಂದು ಜೋಡಿಸಿ ನೋಡಿದ. ಚಹಾ ಆರಿಹೋಯಿತು.

ಆ ರಾತ್ರಿ ಅವ್ವನಿಗೆ ಎಲ್ಲ ಹೇಳಿದಾಗ ಅವಳು ಮೌಲಾನ ತಲೆಯ ಮೇಲಿಂದ ಕೈ ತೆಗೆಯಲೇ ಇಲ್ಲ. ನನ್ನ ಪ್ರಶ್ನೆಗಳು ಅವಳಿಗೆ ಬೇಕಿರಲಿಲ್ಲ. "ನೀ ಒತ್ತಿದಿ, ಅಂವ ಕೇಳಿದ. ಮತ್ತೇನು ಬೇಕು ನಿನಗ?" ಎಂದು ಬಿಸಿ ರೊಟ್ಟಿ ತಟ್ಟಲು ಎದ್ದಳು. ಮರುದಿನ ಕುರುಗೋಡಿಗೆ ಹೋದೆವು. ಸುದ್ದಿ ಕೇಳಿ, ಅವನು ಬದುಕಿದ್ದಾನೆಂದು ನಾವು ಹೇಳಿಕಳಿಸಿದರೂ ನಂಬದೆ ಹೊಸ್ತಿಲಲ್ಲೇ ರಾತ್ರಿ ಕಳೆದಿದ್ದ ಶಮೀನಾ ಗಂಡನನ್ನು ಕಂಡು ಅಳುವುದನ್ನು ಬಿಟ್ಟು ಚೆನ್ನಾಗಿ ಬೈದಳು, ಆಮೇಲೆ ಅತ್ತಳು.

ನಾನು ಸುಮ್ಮನೆ ಕೂರಲಿಲ್ಲ. ಡೂಪ್ಲಿಕೇಟ್ ಸಿಮ್ ಬಂದ ಮೇಲೆ ಒಂದು ಭಾನುವಾರ ಕುರುಗೋಡಿನಲ್ಲಿ ಮೌಲಾನನ್ನು ಎದುರಿಗೆ ಕೂರಿಸಿಕೊಂಡು, ಸಿಮ್ ಹೊರತೆಗೆದು, ಅವನ ಹೆಸರನ್ನು ಒತ್ತಿದೆ. ಎಷ್ಟು ಸಲ ಒತ್ತಿದರೂ ಅವನ ಫೋನು ಮಿಸುಕಲಿಲ್ಲ. "ಸಿಮ್ ಇಲ್ದ ಫೋನ್ ಹೋಗಾಂಗಿಲ್ಲ, ಇಷ್ಟು ವರ್ಷ ಇದೇ ಧಂದೆ ಮಾಡೀನಿ" ಎಂದು ರಫೀಕ್ ಇವತ್ತಿಗೂ ಹೇಳುತ್ತಾನೆ. ಫೋನ್ ಕಂಪನಿಯಲ್ಲಿ ಕೆಲಸ ಮಾಡುವ ರಫೀಕನ ಒಬ್ಬ ಗಿರಾಕಿಯನ್ನು ಕೇಳಿದೆ. ಅವರು ನಕ್ಕು, "ಒಂದೊಂದು ಸಲ ನೆಟ್‌ವರ್ಕಿನಲ್ಲಿ ಸಿಕ್ಕಿಕೊಂಡ ಹಳೆಯ ಮಿಸ್ ಕಾಲ್ ತಡವಾಗಿ ಬಂದು ಮುಟ್ಟುತ್ತದೆ ರೀ" ಎಂದರು. ಅಬ್ಬ, ಉತ್ತರ ಸಿಕ್ಕಿತು ಎಂದು ಸಮಾಧಾನದಿಂದ ಮನೆ ಕಡೆ ನಡೆದೆ. ಓಣಿಯ ತಿರುವಿನಲ್ಲಿ ನೆನಪಾಯಿತು. ಆ ನಂಬರಿನಿಂದ ನಾನು ಬೆನ್ನು ಬೆನ್ನಿಗೆ ಎರಡು ಮಿಸ್ ಕಾಲ್ ಕೊಟ್ಟದ್ದು ಅಪ್ಪ ಹೋದ ದಿನ ಮಾತ್ರ. ಆ ಎರಡೂ ಅಂದೇ ಮೌಲಾನಿಗೆ ಮುಟ್ಟಿದ್ದವು.

ಸಿರುಗುಪ್ಪದ ಚಿಗವ್ವ ಇದನ್ನು ಕೇಳಿ, "ಈಗರ ನಂಬ್ತೀಯೇನ್ಲೇ?" ಎಂದಳು. ಈ ಸಲ ನಾನು ನಗಲಿಲ್ಲ. ಈಗಲೂ ಹೊಳೆಯ ದಂಡೆಯ ಅವಳ ಕಥೆಗಳನ್ನು ನಾನು ನಂಬುವುದಿಲ್ಲ. ನನ್ನದನ್ನು ನಂಬದಿರಲು ನನಗೆ ಆಗುತ್ತಿಲ್ಲ, ಅಷ್ಟೇ.

ಗಣಿ ನಿಂತಿತು, ಲಾರಿಗಳು ಸಾಲುಸಾಲಾಗಿ ತುಕ್ಕು ಹಿಡಿದವು. ಮೌಲಾ ಈಗ ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಗಾಡಿ ಓಡಿಸುತ್ತಾನೆ. ಹೊಟ್ಟೆ ಬಂದಿದೆ, ಬೈದರೆ ನಗುತ್ತಾನೆ. ನಾನು ಫೋನುಗಳನ್ನು ಎಷ್ಟೋ ಬದಲಾಯಿಸಿದೆ. ಆ ಪಾಟಿ ಮಾತ್ರ ನನ್ನ ಕತ್ತರಿಗಳ ಡಬ್ಬಿಯಲ್ಲಿದೆ. ಬ್ಯಾಟರಿ ಸತ್ತು ಬಹಳ ಕಾಲವಾಯಿತು, ತೂತುಗಳಲ್ಲಿ ಕೆಂಪು ಧೂಳು ಹಾಗೆಯೇ ಇದೆ. ಮೌಲಾ ದೂರದ ಊರಿಗೆ ಅಕ್ಕಿ ಹಾಕಲು ಹೋದ ದಿನ ಅದನ್ನು ಹೊರತೆಗೆದು, ಕಪ್ಪು ಗಾಜಿನ ಮೇಲೆ ಅವನ ಹೆಸರು ಇದ್ದ ಜಾಗವನ್ನು ಅಂದಾಜು ಮಾಡಿ ಒಮ್ಮೆ ಒತ್ತುತ್ತೇನೆ. ಒಮ್ಮೆ ಮಾತ್ರ. ಎರಡನೆಯ ಸಲ ಒತ್ತಲು ಬೆರಳು ಮುಂದೆ ಬರುವುದಿಲ್ಲ.